ಬಿಲ್ಲು ಯಾರ ಕೈಗೆ ಶ್ರುತಿಗೊಂಡಿತ್ತು?

"ಕೈಕೋಳ ಹಾಕ್ಕೊಂಡೇ ಬಿಲ್ಲು ಎಳೀಬೇಕಾ, ಶೆರಿಫ್? ಹಾಗಾದ್ರೆ ಮೊದಲು ನೀವೊಂದ್ಸಲ ಎಳೆದು ತೋರಿಸಿಬಿಡಿ. ನೋಡಿ ಕಲಿತ್ಕೋತೀನಿ."

ಐಲಿ ರೌತಿಯೋ ತನ್ನ ಎರಡೂ ಮುಂಗೈಗಳನ್ನು ಶೆರಿಫ್ ರೋಲೆಂಡ್ ಪೆಲ್ಟಿಯರನ ಮೂಗಿನ ಕೆಳಗೆ ಚಾಚಿ ನಿಂತಳು. ಚಳಿಗಾಲದುದ್ದಕ್ಕೂ ಜಿಲ್ಲೆಯ ರಸ್ತೆಗಳ ಮೇಲಿನ ಹಿಮವನ್ನು ತಳ್ಳುವ ಭಾರಿ ಲಾರಿಯನ್ನು ನಡೆಸುವವಳ ಮುಂಗೈಗಳು ಅವು. ಕೋಳ ಅವಕ್ಕೆ ಬಿಗಿಯಾಗಿಯೇ ಕೂತಿತ್ತು.

"ಬಿಚ್ಚು, ರೋಲೆಂಡ್," ಎಂದಳು ಮಾರ್ತಾ ಲುವೋಮಾ. "ಓಡಿಹೋಗೋ ಹೆಂಗಸು ನಿನ್ನ ಜೀಪಲ್ಲಿ ಕೂತು ಏಲಕ್ಕಿ ಬ್ರೆಡ್ ತಿಂತಾ ಬರ್ತಾಳೇನು?"

"ಅದು ನನ್ನ ಬ್ರೆಡ್ಡು, ಮಾರ್ತಾ. ನನ್ನ ಹೆಂಡತಿ ನನಗೆ ಅಂತ ಕಟ್ಟಿಕೊಟ್ಟಿದ್ದು."

"ಚೆನ್ನಾಗಿತ್ತು," ಎಂದಳು ಐಲಿ. "ಬೆಣ್ಣೆ ಸ್ವಲ್ಪ ಕಮ್ಮಿ."

ಕೋಳ ಕಳಚಿತು.

ಹಿಂದಿನ ವಾರದ ಗುರುವಾರ, ಹಿಮಮಿಶ್ರಿತ ಮಳೆ ಸುರಿಯುತ್ತಿದ್ದ ಬೆಳಿಗ್ಗೆ, ವೆಂಡೆಲ್ ಹ್ಯಾಸ್ಕಿನ್ಸ್ ತನ್ನ ಕಾಡಿನಲ್ಲಿ, ತಾನೇ ಕಟ್ಟಿಸಿದ ಬೇಟೆಯ ಅಟ್ಟಣೆಯ ಬುಡದಲ್ಲಿ ಸತ್ತು ಬಿದ್ದಿದ್ದನು. ಎದೆಯಲ್ಲಿ ನಾಟಿದ್ದುದು ಐಲಿಯ ನೀಲಿ-ಬಿಳಿ-ನೀಲಿ ಪಟ್ಟೆಯ ಬಾಣ. ಶನಿವಾರ ಅವಳ ಮನೆಯ ಮೊಳೆಯಿಂದ ಬಿಲ್ಲನ್ನಿಳಿಸಿ, ಬಿಲ್ಲಿನೊಂದಿಗೆ ಅವಳನ್ನೂ ಒಯ್ದಿದ್ದರು.

ಆ ಹ್ಯಾಸ್ಕಿನ್ಸ್ ಊರವರು ತಲೆಮಾರುಗಳಿಂದ ಜಿಂಕೆಯ ಜಾಡು ಹಿಡಿದು ನಡೆದ ಹಾದಿಗೆ ತಂತಿಬೇಲಿ ಬಿಗಿದಿದ್ದನು. "ನಿನ್ನ ಬೇಲಿ ಕಿತ್ತು, ಅದರ ಜೊತೆ ನಿನ್ನನ್ನೂ ಹಿಮದ ರಾಶಿ ಕೆಳಗೆ ತಳ್ತೀನಿ" ಎಂದು ಐಲಿ ತುಂಬಿದ ಅಂಗಡಿಯಲ್ಲಿ ಅವನಿಗೆ ಹೇಳಿದ್ದಳು. ಠಾಣೆಯಲ್ಲಿ ಕೇಳಿದಾಗ ಅದೇ ಮಾತನ್ನು ಒಂದಕ್ಷರ ಬಿಡದೆ ಮತ್ತೊಮ್ಮೆ ಹೇಳಿದ್ದಳು. ಆದರೆ ಕೊಂದವಳು ತಾನಲ್ಲ. ಆ ವಾರವಿಡೀ ಬಿಲ್ಲು ಮೊಳೆಯಿಂದ ಕೆಳಗಿಳಿದೇ ಇಲ್ಲ. ಇದು ಅವಳ ಹೇಳಿಕೆ.

ನಾಳೆ ಸೋಮವಾರ, ನ್ಯಾಯಾಲಯ. ತಪ್ಪೊಪ್ಪಿ ಸಹಿ ಮಾಡಿದರೆ ಹತ್ತು ವರ್ಷ. ಇಲ್ಲವಾದರೆ ವಿಚಾರಣೆ, ಸೋತರೆ ಸಾಯುವ ತನಕ ಸೆರೆ. ಸರ್ಕಾರಿ ವಕೀಲ ಕಳುಹಿಸಿದ್ದ ಕಾಗದ ಶೆರಿಫನ ಜೇಬಿನಲ್ಲಿ ಸಹಿಗೆ ಕಾದಿತ್ತು.

"ಆ ಕಾಗದ ಜೋಪಾನ, ಶೆರಿಫ್," ಎಂದಳು ಐಲಿ ಮುಂಗೈ ತಿಕ್ಕಿಕೊಳ್ಳುತ್ತ. "ಒಲೆ ಹಚ್ಚೋಕೆ ಬೇಕಾಗತ್ತೆ."

ಡೆನ್ಜಿಲ್ ಟ್ರೆಂಬಾತನ ಬಿಲ್ಲಿನಂಗಡಿಯಲ್ಲಿ ಆಗಲೇ ಒಲೆ ಉರಿಯುತ್ತಿತ್ತು. ಭಾನುವಾರವಾದುದರಿಂದ ಗಿರಾಕಿಗಳಿರಲಿಲ್ಲ. ಉದ್ದನೆಯ ತಗಡಿನ ಕೊಟ್ಟಿಗೆಯ ಒಂದು ತುದಿಯಲ್ಲಿ ಹುಲ್ಲಿನ ಮೂಟೆಗಳು. ಅವುಗಳ ಮುಂದೆ ಮರದ ಚೌಕಟ್ಟಿಗೆ ಬಿಗಿದು ಕಟ್ಟಿದ ಬಿಳಿಯ ಕಾಗದ. ಬಾಗಿಲ ಬಳಿಯ ಬೆಂಚಿನ ಮೇಲೆ ಐಲಿಯ ತಂದೆ, ನೀಳ ಮೈಯ ತೌನೋ ರೌತಿಯೋ ಎಡಗೈಯಲ್ಲಿ ಕಾಫಿಯ ಲೋಟ ಹಿಡಿದು ಕುಳಿತಿದ್ದನು. ಅವನ ಬಲಗೈ ತೊಡೆಯ ಮೇಲೆ, ಬೇರೆ ಯಾರೋ ಮರೆತು ಇಟ್ಟುಹೋದ ವಸ್ತುವಿನಂತೆ, ಬಿದ್ದುಕೊಂಡಿತ್ತು. ಮರ ಕಡಿಯುವ ಕೆಲಸದಲ್ಲಿ ದಿಮ್ಮಿಯೊಂದು ಉರುಳಿ ಅವನ ಬಲಭುಜವನ್ನು ಜಜ್ಜಿದ ಮೇಲೆ ತೌನೋ ಬಿಲ್ಲು ಮುಟ್ಟಿದ್ದನ್ನು ಊರು ಕಂಡಿರಲಿಲ್ಲ.

"ಬಿಲ್ಲನ್ನ ಕಾಗದಕ್ಕೆ ಹಾಕಿ ನೋಡು, ಮಾರ್ತಾ" ಎಂದು ಮೊದಲು ಸೂಚಿಸಿದವನು ಅವನೇ. ಅದಕ್ಕಾಗಿ ನ್ಯಾಯಾಲಯದ ಅನುಮತಿ ತರಲು ವಕೀಲನನ್ನು ಓಡಾಡಿಸಿದವಳು ಮಾರ್ತಾ. ಮೂವತ್ತು ವರ್ಷ ಬೇಟೆಯ ಕಾಯಿದೆ ಕಾಯುವ ವಾರ್ಡನ್ ಅಧಿಕಾರಿಯಾಗಿ ಈ ಕಾಡುಗಳಲ್ಲಿ ತಿರುಗಿ, ಕಳ್ಳಬೇಟೆಯವರ ಬಾಣಗಳನ್ನು ಅವರ ಮುಖಗಳಿಗಿಂತ ಚೆನ್ನಾಗಿ ಬಲ್ಲವಳು. ನಿವೃತ್ತಿಯೆಂಬ ಪದ ಅವಳ ಮಟ್ಟಿಗೆ ಸರ್ಕಾರದ ಒಂದು ತಪ್ಪು ಕಲ್ಪನೆ.

ಶೆರಿಫನು ಮೊಹರಾದ ಚೀಲದಿಂದ ಬಿಲ್ಲನ್ನು ತೆಗೆದನು. ತುದಿಗಳಲ್ಲಿ ಎರಡು ರಾಟೆ, ಅವುಗಳ ನಡುವೆ ಹೆದೆ ಮತ್ತು ಹುರಿಗಳು, ಹೆದೆಯ ನಡುವೆ ಕಣ್ಣಿಟ್ಟು ನೋಡಲು ಗುಂಡಿಯಷ್ಟು ಪುಟ್ಟ ಉಂಗುರ.

"ಬಾಣ ಇಟ್ಕೋ," ಎಂದಳು ಮಾರ್ತಾ. "ಬಾಣ ಇಲ್ದೆ ಬರೀ ಹೆದೆ ಬಿಟ್ಟು ಈ ಸಾಕ್ಷ್ಯದ ಬಿಲ್ಲು ಮುರಿದ್ರೆ ರೋಲೆಂಡ್ ನನ್ನನ್ನೂ ಒಳಗೆ ಹಾಕ್ತಾನೆ. ಇಟ್ಕೊಂಡ್ಯಾ? ಈಗ ಕಣ್ಣು ಮುಚ್ಚು. ದಿನಾ ಎಳೆಯೋ ಹಾಗೇ ಎಳಿ."

ಐಲಿ ಕಣ್ಣು ಮುಚ್ಚಿ ಎಳೆದಳು. ರಾಟೆಗಳು ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ಉರುಳಿದವು. ಈ ಬಗೆಯ ಬಿಲ್ಲಿನಲ್ಲಿ ಎಳೆತದ ಕೊನೆಗೆ ಭಾರವೆಲ್ಲ ಇಳಿದು, ಗೋಡೆಗೆ ತಾಗಿದಂತೆ ಹೆದೆ ನಿಲ್ಲುತ್ತದೆ. ಐಲಿಯ ಹುಬ್ಬು ಗಂಟಿಕ್ಕಿತು.

"ಇದೇನಿದು, ನಿಲ್ತಾನೇ ಇಲ್ಲ. ಇನ್ನೂ ಹಿಂದಕ್ಕೆ ಹೋಗ್ತಾ ಇದೆ. ಕೈ ಕಿವಿ ದಾಟ್ತು."

"ಭಾರ?"

"ಹಗುರ. ತುಂಬ ಹಗುರ. ಆಟದ ಬಿಲ್ಲಿನ ಥರ ಇದೆ."

"ಕಣ್ಣು ಬಿಡು. ಉಂಗುರ ಎಲ್ಲಿದೆ?"

"ಹುಬ್ಬಿನ ಮೇಲೆ. ನನ್ನ ಕಣ್ಣಿಗೆ ಕಾಣೋದು ಬರೀ ಹೆದೆ."

ಮಾರ್ತಾ ಶೆರಿಫನ ಕಡೆ ತಿರುಗಿದಳು. "ಕೇಳಿಸ್ತಾ? ಈ ಬಿಲ್ಲು ಹೊಂದಿಸೋದು ಅಂದ್ರೆ ಮೈಗೆ ಅಂಗಿ ಹೊಲಿಸಿದ ಹಾಗೆ. ತೋಳಿನ ಉದ್ದ, ದವಡೆಯಿಂದ ಕಣ್ಣಿಗಿರೋ ಎತ್ತರ, ಎರಡೂ ಅಳೆದು ಕೂರಿಸಬೇಕು. ಹಾಗೆ ಕೂರಿಸಿದ ಮೇಲೆ ಕಣ್ಣು ಮುಚ್ಚಿ ಎಳೆದು, ಆಮೇಲೆ ಕಣ್ಣು ತೆರೆದ್ರೂ ಉಂಗುರ ಕಣ್ಣೆದುರೇ ಇರಬೇಕು. ಇದು ಇವಳ ಅಂಗಿ ಅಲ್ಲ. ಇವಳಿಗಿಂತ ಉದ್ದ ತೋಳಿನ, ಉದ್ದ ಮುಖದ ಯಾರದ್ದೋ ಅಂಗಿ."

"ಉದ್ದ ಮುಖ ಅಂದಾಗ ನನ್ನ ಕಡೆ ಯಾಕೆ ನೋಡ್ತೀರಿ, ವಾರ್ಡನಮ್ಮ?" ಎಂದು ಒಲೆಯ ಬಳಿಯಿಂದ ಟ್ರೆಂಬಾತನ ದನಿ ಬಂದಿತು. "ಕುದುರೆಗಳೂ ಇವೆ ಈ ಜಿಲ್ಲೇಲಿ. ಅವುಗಳನ್ನೂ ವಿಚಾರಿಸಿ."

ಅವನ ಮುಖ ನಿಜಕ್ಕೂ ಉದ್ದವೇ. ತಾತನ ಕಾಲದಲ್ಲಿ ಕಡಲಾಚೆಯ ಕಾರ್ನ್‌ವಾಲಿನಿಂದ ತಾಮ್ರದ ಗಣಿಗೆಂದು ಬಂದ ಮನೆತನ. ಗಣಿ ಮುಚ್ಚಿದ ಮೇಲೂ ಜಗಳಗಂಟಿತನವನ್ನು ಮುಚ್ಚದ ಮನೆತನ. ಸುತ್ತಣ ಮೂರು ಜಿಲ್ಲೆಗಳಲ್ಲಿ ಅವನಷ್ಟು ನೇರವಾಗಿ ಬಾಣ ಬಿಡುವವನು ಇರಲಿಲ್ಲ. ಈ ಅಂಗಡಿ ನಿಂತ ನೆಲವನ್ನು ಹ್ಯಾಸ್ಕಿನ್ಸ್ ಬೇಸಿಗೆಯಲ್ಲಿ ಕೊಂಡು, ವರ್ಷಾಂತ್ಯಕ್ಕೆ ಖಾಲಿ ಮಾಡೆಂದು ಟ್ರೆಂಬಾತನಿಗೆ ಹೇಳಿಕಳುಹಿಸಿದ್ದನೆಂಬುದನ್ನು ಮಾರ್ತಾ ಮರೆತಿರಲಿಲ್ಲ.

"ಇವಳೇ ಬದಲಾಯಿಸಿರಬಹುದಲ್ಲ?" ಎಂದನು ಶೆರಿಫ್. "ಹೊಡೆದಾದ ಮೇಲೆ. ನಮ್ಮ ಕಣ್ಣಿಗೆ ಮಣ್ಣೆರಚೋಕೆ."

"ನನಗೆ ಅಷ್ಟು ಬುದ್ಧಿ ಇದ್ದಿದ್ರೆ, ಶೆರಿಫ್, ನನ್ನ ಪಟ್ಟೆ ಇರೋ ಬಾಣ ಯಾಕೆ ಬಿಡ್ತಿದ್ದೆ?" ಎಂದಳು ಐಲಿ. "ನಿಮ್ಮ ಹೆಸರು ಬರೆದು ಬಿಡ್ತಿದ್ದೆ."

"ಬಾಯಿ, ಐಲಿ," ಎಂದು ತೌನೋ ಮೆಲ್ಲಗೆ ಗದರಿದನು.

"ಬಾಯಿ ಒಂದೇ, ಅಪ್ಪ, ಇವರು ನನಗೆ ಬಿಟ್ಟಿರೋದು. ಬಿಲ್ಲು ಅವರ ಹತ್ರ ಇದೆ."

ಮಾರ್ತಾ ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆಳಗಿನ ರಾಟೆಯ ಮೇಲೆ ಎಳೆತದ ಉದ್ದವನ್ನು ನಿಗದಿಪಡಿಸುವ ಪುಟ್ಟ ತಿರುಪು. ಅದರ ಕಪ್ಪು ತಲೆಯ ಮೇಲೆ ಹೊಸದಾಗಿ ಎದ್ದ ಬೆಳ್ಳಿಯ ಗೀರು. ಹೆದೆಯ ಉಂಗುರದ ಮೇಲೂ ಕೆಳಗೂ ಬಿಗಿದ ದಾರ ಮಾತ್ರ ಮಿಕ್ಕೆಲ್ಲ ದಾರಗಳಂತೆ ಮೇಣ ಹಿಡಿದು ಮಾಸಿರಲಿಲ್ಲ. ಅದರ ಗಂಟು ಎರಡು ಸುತ್ತಿನದು. ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು ಸಾಸಿವೆ ಕಾಳಿನಷ್ಟು ಮುದ್ದೆ ಮಾಡಲಾಗಿತ್ತು.

"ಡೆನ್ಜಿಲ್, ಈ ಬಿಲ್ಲು ಕಡೇ ಸಲ ನಿನ್ನ ಅಂಗಡಿಗೆ ಬಂದದ್ದು ಯಾವಾಗ?"

"ಹೋದ ವರ್ಷ. ಎಲೆ ಉದುರೋ ಕಾಲ. ಆಗ ನಾನೇ ಇವಳಿಗೆ ಹೊಂದಿಸಿಕೊಟ್ಟೆ."

"ಈ ಗಂಟು ಯಾರದ್ದು?"

ಟ್ರೆಂಬಾತನು ಕನ್ನಡಕ ಏರಿಸಿ, ಬೇಕೆಂದೇ ಸಾವಧಾನವಾಗಿ ನೋಡಿದನು. "ನನ್ನ ಗಂಟಿನ ಹಾಗೇ ಇದೆ. ಏನು ಮಾಡೋದು, ಜಿಲ್ಲೆಗೆಲ್ಲ ಆ ಗಂಟು ಕಲಿಸಿದವನೇ ನಾನು. ನಿಮ್ಮ ಬಿಲ್ಲಲ್ಲೂ ಅದೇ ಇದೆ."

"ಗಂಟು ಎಲ್ಲರಿಗೂ ಬರತ್ತೆ. ಹೆದೆ ಸಡಿಲಿಸದೆ ಆ ಉಂಗುರ ಜರಗಿಸೋಕಾಗಲ್ಲ. ಹೆದೆ ಸಡಿಲಿಸೋಕೆ ಬಿಲ್ಲನ್ನ ಬಗ್ಗಿಸಿ ಹಿಡಿಯೋ ಯಂತ್ರ ಬೇಕು. ಅದು ಈ ಸುತ್ತಿಗೆಲ್ಲ ನಿನ್ನ ಮೇಜಿನ ಮೇಲೆ ಮಾತ್ರ ಇದೆ."

"ಇದೆ. ಬಾಗಿಲಿಗೆ ಬೀಗ ಇದೆಯಾ ನೋಡಿ ಮತ್ತೆ. ನಮ್ಮೂರಲ್ಲಿ ಬೀಗ ಹಾಕ್ತಿದ್ದವನು ಒಬ್ಬನೇ, ಹ್ಯಾಸ್ಕಿನ್ಸ್. ಅವನ ಗತಿ ಏನಾಯ್ತು?"

"ಡೆನ್ಜಿಲ್!" ಎಂದನು ಶೆರಿಫ್.

"ಏನು ಡೆನ್ಜಿಲ್? ಸತ್ತವನ ಮೇಲೆ ಒಳ್ಳೇ ಮಾತು ಬೇಕಿದ್ರೆ ಪಾದ್ರಿ ಹತ್ರ ಹೋಗಿ. ನಾನು ಬಿಲ್ಲು ರಿಪೇರಿ ಮಾಡೋನು."

ಮಾರ್ತಾ ಕಾಗದದ ಚೌಕಟ್ಟಿನ ಬಳಿಗೆ ನಡೆದಳು. ಮನುಷ್ಯರು ಜಗಳವಾಡುವಾಗ ವಸ್ತುಗಳನ್ನು ಮಾತಾಡಿಸಬೇಕೆಂಬುದು ಅವಳ ಹಳೆಯ ನಿಯಮ.

"ಐಲಿ, ಇಲ್ಲಿಂದ ಹೊಡಿ. ಕಾಗದ ತೂರಿ ಮೂಟೆಗೆ ಹೋಗಲಿ."

ಹತ್ತಿರದಿಂದ ಬಿಟ್ಟ ಬಾಣ ಕಾಗದವನ್ನು ದಾಟುವಾಗ ತನ್ನ ನಡಿಗೆಯ ಗುರುತನ್ನು ಬಿಟ್ಟುಹೋಗುತ್ತದೆ. ಬಿಲ್ಲು ಬಿಲ್ಲಾಳಿಗೆ ಹೊಂದಿದ್ದರೆ ಬಾಣ ನೆಟ್ಟಗೆ ಸಾಗಿ, ಕಾಗದದಲ್ಲಿ ಒಂದು ದುಂಡನೆಯ ತೂತು, ಅದರ ಸುತ್ತ ಗರಿಗಳ ಮೂರು ಸೀಳು. ಹೊಂದದಿದ್ದರೆ ಬಾಲ ಬಳುಕಿ, ಕಾಗದ ಪಕ್ಕಕ್ಕೋ ಮೇಲಕ್ಕೋ ಹರಿಯುತ್ತದೆ. ಎಂಥ ಬಿಲ್ಲಾಳಿಯೂ ಆ ಹರಕನ್ನು ನೋಡಿ ತನ್ನ ಬಿಲ್ಲಿನ ಶ್ರುತಿ ತಿದ್ದಿಕೊಳ್ಳುತ್ತಾನೆ.

ಐಲಿ ಹೊಡೆದಳು. ಎಡಕ್ಕೆ ಬೆರಳುದ್ದದ ಹರಕು. ಇನ್ನೊಮ್ಮೆ ಹೊಡೆದಳು. ಮತ್ತೆ ಎಡಕ್ಕೆ, ಇನ್ನೂ ಉದ್ದ.

"ಹತ್ತಿರದಿಂದಲೇ ಹೀಗೆ, ರೋಲೆಂಡ್," ಎಂದಳು ಮಾರ್ತಾ. "ಹ್ಯಾಸ್ಕಿನ್ಸ್ ಎದೆಗೆ ಬಿದ್ದ ಬಾಣ ಹೊಳೆಯ ಆಚೆ ದಡದಿಂದ ಬಂದದ್ದು, ಹೆಜ್ಜೆಗುರುತು ಇದ್ದದ್ದು ಅಲ್ಲೇ ಅಂತ ನಿನ್ನ ವರದೀಲೇ ಇದೆ. ಈ ಬಿಲ್ಲಿಂದ ಇವಳು ಅಷ್ಟು ದೂರಕ್ಕೆ ಹೊಡೆದಿದ್ರೆ ಮನುಷ್ಯನ ಬದಲು ಮರ ಸಾಯ್ತಿತ್ತು."

"ಬೇಕಂತಲೇ ಕೆಟ್ಟದಾಗಿ ಹೊಡೀತಿರಬಹುದು."

"ಹೊಡೀಬಹುದು," ಎಂದು ಮಾರ್ತಾ ಒಪ್ಪಿದಳು. "ಈ ಕಾಗದಕ್ಕೂ ಸುಳ್ಳು ಹೇಳಬಹುದು, ರೋಲೆಂಡ್. ಆದ್ರೆ ಒಂದೇ ಬಗೆಯ ಸುಳ್ಳು. ಚೆನ್ನಾಗಿ ಹೊಡೆಯೋನು ಕೆಟ್ಟದಾಗಿ ಹೊಡೆದು ತೋರಿಸಬಹುದು. ಹೊಂದದ ಬಿಲ್ಲಿಂದ ದುಂಡನೆ ತೂತು ಮಾಡಿ ತೋರಿಸೋಕೆ ಮಾತ್ರ ಯಾರಪ್ಪನಿಂದಲೂ ಆಗಲ್ಲ. ಅದಕ್ಕೇ ನಾನು ಹರಕು ಹುಡುಕ್ತಾ ಇಲ್ಲ. ತೂತು ಹುಡುಕ್ತಾ ಇದ್ದೀನಿ." ಅವಳು ಬಿಲ್ಲನ್ನು ಟ್ರೆಂಬಾತನ ಕಡೆಗೆ ಚಾಚಿದಳು. "ತಗೋ."

ಒಲೆಯಲ್ಲಿ ಕಟ್ಟಿಗೆಯೊಂದು ಸಿಡಿಯಿತು.

"ಇಲ್ಲ ಅಂದ್ರೆ?" ಎಂದನು ಟ್ರೆಂಬಾತ್.

"ಇಲ್ಲ ಅಂದ್ರೆ ಜಿಲ್ಲೆಯ ಅತ್ಯುತ್ತಮ ಬಿಲ್ಲಾಳಿ ಒಂದು ತುಂಡು ಕಾಗದಕ್ಕೆ ಹೆದರಿದ ಅಂತ ಊರಿಗೆಲ್ಲ ನಾನೇ ಹೇಳ್ತೀನಿ."

ಟ್ರೆಂಬಾತನು ನಕ್ಕನು, ಆ ನಗೆಯಲ್ಲಿ ಹಲ್ಲುಗಳಿದ್ದವು, ನಗುವಿರಲಿಲ್ಲ. ಬಿಲ್ಲನ್ನು ಕಸಿದುಕೊಂಡು, ಬಾಣ ಹೂಡಿ, ಎಳೆದನು. ಅವನ ಎತ್ತರಕ್ಕೆ ಆ ಎಳೆತ ಒಗ್ಗುವಂತೆಯೇ ಕಂಡಿತು. ಉಂಗುರ ಕಣ್ಣಿನ ಮಟ್ಟಕ್ಕೇ ಬಂದು ನಿಂತಿತು.

ಬಾಣ ಹಾರಿತು. ಬಲಕ್ಕೆ ಹರಕು, ಐಲಿಯದಕ್ಕಿಂತಲೂ ಉದ್ದ.

"ಆಯ್ತಲ್ಲ?" ಟ್ರೆಂಬಾತನು ಬಿಲ್ಲನ್ನು ಹಿಂದಿರುಗಿಸಿದನು. "ನನ್ನ ಅಂಗಿಯೂ ಅಲ್ಲ. ಬೇರೆ ದರ್ಜಿ ಹುಡುಕಿ."

"ಬಿಲ್ಲು ಹಿಡಿದ ಕೈ ಯಾಕೆ ಮುಷ್ಟಿ ಮಾಡಿದೆ, ಡೆನ್ಜಿಲ್?"

"ಏನು?"

"ಮುಷ್ಟಿ. ಬೆರಳು ಬಿಳುಪೇರೋ ಹಾಗೆ ಹಿಡಿದಿದ್ದೆ. ಬಿಲ್ಲನ್ನ ಹಿಸುಕಬೇಡಿ, ಹಕ್ಕಿಮರಿ ಹಿಡಿದ ಹಾಗೆ ಹಿಡೀರಿ ಅಂತ ಈ ಜಿಲ್ಲೆಯ ಪ್ರತಿಯೊಂದು ಮಗುವಿನ ಕೈಗೂ ಬಾರಿಸಿದವನು ನೀನು. ಐಲಿ ಕೈಗೂ ಬಾರಿಸಿದ್ದೆ."

"ಇನ್ನೂ ಉರಿಯತ್ತೆ," ಎಂದಳು ಐಲಿ.

"ಮುಷ್ಟಿ ಮಾಡಿದ್ರೆ ಬಿಲ್ಲು ತಿರುಚಿಕೊಳ್ಳತ್ತೆ. ಕಾಗದ ಹರಿಯತ್ತೆ. ನೀನು ಬೇಕಂತ ಹರಿದೆ." ಮಾರ್ತಾಳ ಸ್ವರ ಏರಲಿಲ್ಲ. "ಇದನ್ನ ಮತ್ತೆ ಹೊಂದಿಸಿದವನು ನೀನು. ಯಾರಿಗೆ ಹೊಂದಿಸಿದೆ? ನಿನಗಾ?"

"ಹೂಂ ಅಂದ್ರೆ ಏನ್ಮಾಡ್ತೀರಿ? ಊಹೂಂ ಅಂದ್ರೆ ಏನ್ಮಾಡ್ತೀರಿ?" ಟ್ರೆಂಬಾತನು ಮುಂದೆ ಬಂದು ಅವಳ ಎದುರಿಗೇ ನಿಂತನು. "ನನ್ನ ಅಪ್ಪ ಗಣಿಯ ಯಜಮಾನರಿಗೆ ಉತ್ತರ ಕೊಡಲಿಲ್ಲ. ನಾನು ನಿಮಗೆ ಕೊಡಲ್ಲ. ಹಿಡ್ಕೊಂಡು ಹೋಗೋದಾದ್ರೆ ಹೋಗಿ. ಒಲೆ ಆರಿಸಿ ಬರ್ತೀನಿ."

ಮಾರ್ತಾ ಶೆರಿಫನನ್ನು ನೋಡಿದಳು. ಶೆರಿಫನು ತಲೆಯಲ್ಲಾಡಿಸಿದನು.

"ಮುಷ್ಟಿ ಬಿಗಿ ಮಾಡಿದ ಅಂತ ಯಾರನ್ನೂ ಬಂಧಿಸೋಕಾಗಲ್ಲ, ಮಾರ್ತಾ. ನ್ಯಾಯಾಧೀಶರು ನಗ್ತಾರೆ. ನೀವು ತೂತು ತೋರಿಸ್ತೀನಿ ಅಂದ್ರಿ. ಮೂರೂ ಹರಕೇ ತೋರಿಸಿದ್ರಿ." ಅವನು ಜೇಬಿನಿಂದ ಮಡಿಸಿದ ಕಾಗದವನ್ನು ತೆಗೆದು ಮೇಜಿನ ಮೇಲೆ ಹರವಿದನು. ಅವನ ದನಿಯಲ್ಲಿ ಕಾಠಿನ್ಯವಿರಲಿಲ್ಲ. "ಐಲಿ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ಹತ್ತು ವರ್ಷ ಕಳೆದ್ರೆ ಇನ್ನೂ ಬಾಳೋ ವಯಸ್ಸು ಉಳಿದಿರತ್ತೆ. ವಿಚಾರಣೆಗೆ ಹೋದ್ರೆ ಪಟ್ಟೆಯ ಬಾಣ, ಅಂಗಡೀಲಿ ಆಡಿದ ಮಾತು, ಎರಡೂ ನಿನ್ನನ್ನ ಮುಳುಗಿಸತ್ತೆ. ಸಹಿ ಹಾಕು."

"ಪೆನ್ನು ಕೊಡಿ."

ತೌನೋನ ಲೋಟದಿಂದ ಕಾಫಿ ಚೆಲ್ಲಿತು.

ಐಲಿ ಪೆನ್ನು ತೆಗೆದುಕೊಂಡು, ಸಹಿ ಹಾಕಬೇಕಾದ ಗೆರೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಏನನ್ನೋ ಬರೆದು ಕಾಗದವನ್ನು ಶೆರಿಫನ ಕಡೆ ತಳ್ಳಿದಳು. ಅವನು ಓದಿದನು. ಅಲ್ಲಿದ್ದುದು ಒಂದೇ ಪದ: ಇಲ್ಲ.

"ಸಾಯೋ ತನಕ ಒಳಗಿಟ್ಟರೂ ಇದೇ ಉತ್ತರ," ಎಂದಳು. "ಮಾಡದ ಕೊಲೆಯನ್ನ ಮಾಡಿದೆ ಅಂತ ಬರ್ಕೊಟ್ಟು ನಾನು ಹತ್ತು ವರ್ಷ ಉಳಿಸ್ಕೊಳ್ಳಲ್ಲ. ಆ ವರ್ಷಗಳನ್ನ ಯಾವ ಮುಖ ಇಟ್ಕೊಂಡು ಬಾಳಲಿ? ಕೋಳ ಹಾಕಿ, ನಡೀರಿ."

ಶೆರಿಫನು ಕೋಳಕ್ಕೆ ಕೈಹಾಕಿದನು.

"ಒಂದು ನಿಮಿಷ ತಡಿ, ರೋಲೆಂಡ್."

ತೌನೋ ಎದ್ದು ನಿಂತಿದ್ದನು. ಲೋಟವನ್ನು ಬೆಂಚಿನ ಮೇಲಿಟ್ಟು, ಅಂಗಿಯ ಮೇಲೆ ಬಿದ್ದ ಕಾಫಿಯನ್ನು ಒರೆಸಿಕೊಂಡು, ಮೆಲ್ಲನೆ ನಡೆದುಬಂದು ಮಾರ್ತಾಳ ಕೈಯಿಂದ ಬಿಲ್ಲನ್ನು ತೆಗೆದುಕೊಂಡನು. ಆಕೆ ಬಿಟ್ಟುಕೊಟ್ಟಳು, ಆ ಕ್ಷಣದಲ್ಲಿ ಅದರ ಅರ್ಥ ಆಕೆಗೂ ಹೊಳೆದಿರಲಿಲ್ಲ.

"ತೌನೋ, ಕೂತ್ಕೊಳೋ," ಎಂದನು ಟ್ರೆಂಬಾತ್. ಅವನ ದನಿಯಲ್ಲಿ ಮೊದಲ ಬಾರಿಗೆ ಹೆದರಿಕೆಯಿತ್ತು.

"ಕೂತದ್ದು ಸಾಕು."

"ಅಪ್ಪ, ನಿನ್ನ ಭುಜ…"

ತೌನೋ ಬಾಣವನ್ನು ಹೂಡಿದನು. ಎಡಗೈ ಎತ್ತಿದನು, ಬೆರಳುಗಳು ಸಡಿಲವಾಗಿ, ಹಕ್ಕಿಮರಿಯನ್ನು ಹಿಡಿದಂತೆ, ಬಿಲ್ಲನ್ನು ಆತುಕೊಂಡವು. ಬಲಗೈ ಹೆದೆಗೆ ಹೋಯಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ಕತ್ತಿನ ನರಗಳು ಉಬ್ಬಿದವು. ಆದರೂ ಹೆದೆ ಬಂದಿತು. ಅಷ್ಟು ಹಗುರವಾದ ಹೆದೆಯಾದುದರಿಂದಲೇ ಬಂದಿತು. ರಾಟೆಗಳು ಉರುಳಿ ನಿಂತಲ್ಲಿ ಅವನ ಗೆಣ್ಣು ದವಡೆಯ ಮೂಲೆಗೆ ತಾಗಿತು. ಉಂಗುರ ಕಣ್ಣಿನೆದುರಿಗೆ ಬಂದು ಕುಳಿತಿತು. ಅವನು ಅದನ್ನು ಅರಸಲಿಲ್ಲ.

ಬಾಣ ಹೊರಟಿತು.

ಯಾರೂ ಚೌಕಟ್ಟಿನ ಹತ್ತಿರ ಹೋಗಬೇಕಾಗಲಿಲ್ಲ. ಹುಲ್ಲಿನ ಮೂಟೆಗಳ ಮೇಲಿನ ಕಿಟಕಿಯ ಬೆಳಕು ಕಾಗದದಲ್ಲಿ ಒಂದು ದುಂಡನೆಯ ಚುಕ್ಕೆಯಾಗಿ ಮಿನುಗಿತು. ಅದರ ಸುತ್ತ ಮೂರು ಸೀಳು, ಅಳೆದಿಟ್ಟಂತೆ.

ಮಾರ್ತಾಳಿಗೆ ತನ್ನ ಮೇಲೆಯೇ ಕೋಪ ಉಕ್ಕಿತು. ಬಿಲ್ಲು ಹಗುರವಾಗಿದೆಯೆಂದು ಐಲಿ ಹೇಳಿದಾಗಲೇ ಕೇಳಿಕೊಳ್ಳಬೇಕಿತ್ತು: ಎತ್ತಿನಂತಹ ತೋಳುಗಳ ಟ್ರೆಂಬಾತನಿಗೆ ಹಗುರವಾದ ಬಿಲ್ಲು ಏಕೆ ಬೇಕು? ಹಗುರ ಬೇಕಾದುದು ನೊಂದ ಭುಜಕ್ಕೆ. ಸುಳಿವು ಎರಡು ಕಡೆ ಕೈತೋರಿದಾಗ ತನಗಿಷ್ಟವಾದ ಕಡೆಗೆ ನಡೆಯುವುದು ಎಳೆಯರ ತಪ್ಪು. ಈ ವಯಸ್ಸಿನಲ್ಲಿ ಆ ತಪ್ಪನ್ನು ಅವಳು ಮಾಡಬಾರದಿತ್ತು.

"ಹ್ಯಾಸ್ಕಿನ್ಸ್‌ಗೆ ಹೊಡೆದದ್ದು ನಾನು," ಎಂದನು ತೌನೋ. ನೋವಿನಿಂದ ಅವನ ಉಸಿರು ತುಂಡುತುಂಡಾಗಿ ಬರುತ್ತಿತ್ತು. ತಲೆ ಮಾತ್ರ ನೆಟ್ಟಗಿತ್ತು. "ಬಿಲ್ಲು ಇವಳದು, ಬಾಣ ಇವಳದು, ಕೈ ನನ್ನದು. ಆ ಹಾದೀಲಿ ನನ್ನಪ್ಪ ನಡೆದ, ನಾನು ನಡೆದೆ. ಅವನು ಬೇಲಿ ಹಾಕಿದ. ನನಗೇನೂ ಬೇಜಾರಿಲ್ಲ. ಬರ್ಕೋ."

"ಸುಳ್ಳು!" ಐಲಿ ಮೇಜನ್ನು ಗುದ್ದಿದಳು. "ಶೆರಿಫ್, ಇವನು ಸುಳ್ಳು ಹೇಳ್ತಿದ್ದಾನೆ. ಕೋಟು ಹಾಕ್ಕೊಳ್ಳೋಕೂ ಇವನಿಗೆ ನಾನು ಕೈ ಕೊಡಬೇಕು!"

"ಕಾಗದ ಸುಳ್ಳು ಹೇಳ್ತಾ ಇಲ್ವಲ್ಲ," ಎಂದು ಶೆರಿಫನು ಮೆಲುದನಿಯಲ್ಲಿ ನುಡಿದನು. "ಮಾರ್ತಾ, ಈ ತೂತನ್ನ ನಾಟಕ ಮಾಡಿ ತೆಗೆಯೋಕಾಗಲ್ಲ ಅಂತ ನೀವೇ ಅಂದ್ರಿ. ಅಲ್ವಾ?"

ಮಾರ್ತಾ ಉತ್ತರಿಸಲು ಬಾಯಿ ತೆರೆಯುವ ಮೊದಲೇ ಟ್ರೆಂಬಾತನು ಬೆಂಚನ್ನು ಒದ್ದನು. ಲೋಟ ಉರುಳಿ ನೆಲಕ್ಕೆ ಬಿದ್ದು ಚೂರಾಯಿತು.

"ಸಾಕು ಮಾಡೋ, ತೌನೋ! ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ವಾಪಸ್ ತಗೊಳ್ತೀನಿ. ನಿನ್ನ ಜೈಲಿಗೆ ಕಳಿಸೋಕೆ ನಾನು ಆ ಗಂಟು ಕಟ್ಟಲಿಲ್ಲ."

"ಡೆನ್ಜಿಲ್, ಬೇಡ."

"ಬೇಕು." ಟ್ರೆಂಬಾತನು ಶೆರಿಫನತ್ತ ತಿರುಗಿದನು. "ಈ ಬಿಲ್ಲನ್ನ ಇವನ ಅಳತೆಗೆ ಹೊಂದಿಸಿದವನು ನಾನೇ. ನನ್ನ ಯಂತ್ರ, ನನ್ನ ದಾರ, ನನ್ನ ಬೆಂಕಿಕಡ್ಡಿ. ನನ್ನ ಕೈಲೂ ತೂತು ಬಿದ್ದೀತು ಅಂತ ಹೆದರಿ ಮುಷ್ಟಿ ಮಾಡಿದೆ. ಹೂಂ, ಬೇಕಂತಲೇ. ಈಗ ಯಾವಾಗ ಹೊಂದಿಸಿದೆ ಅಂತ ಕೇಳಿ. ಯಾರೂ ಕೇಳ್ತಾ ಇಲ್ವಲ್ಲ? ನೀವು ಕೇಳಿ, ವಾರ್ಡನಮ್ಮ!"

ಮಾರ್ತಾ ಕೇಳಲಿಲ್ಲ. ಅವಳಿಗೆ ಆಗಲೇ ಅರ್ಥವಾಗಿತ್ತು.

"ಯಾವಾಗ?" ಎಂದನು ಶೆರಿಫ್.

"ಶುಕ್ರವಾರ. ಹ್ಯಾಸ್ಕಿನ್ಸ್ ಸತ್ತ ಮಾರನೇ ದಿನ. ಇವಳು ರಸ್ತೆ ಕೆಲಸಕ್ಕೆ ಹೋಗಿದ್ದಾಗ ಇವನು ಬಿಲ್ಲನ್ನ ಕಂಬಳೀಲಿ ಸುತ್ಕೊಂಡು ಬಂದ. 'ನನ್ನ ಕೈಗೆ ಹೊಂದಿಸು, ಈ ಭುಜ ಎಳೆಯೋಷ್ಟು ಹಗುರ ಮಾಡು, ಯಾಕೆ ಅಂತ ಕೇಳಬೇಡ' ಅಂದ. ಸ್ನೇಹಿತ. ಕೇಳಲಿಲ್ಲ. ಶನಿವಾರ ನೀವು ಮಗಳನ್ನ ಹಿಡಿದಾಗ ಗೊತ್ತಾಯ್ತು ಯಾಕೆ ಅಂತ."

ಕಾಗದ ನಿಜವನ್ನೇ ನುಡಿದಿತ್ತು. ಆದರೆ ಬಿಲ್ಲು ಈ ಹೊತ್ತು ಯಾರದೆಂಬ ನಿಜವನ್ನು. ಆ ಗುರುವಾರ ಅದು ಯಾರದಾಗಿತ್ತೆಂಬುದನ್ನು ಅದು ಬಲ್ಲದಾಗಿರಲಿಲ್ಲ. ಮೊದಲ ಹರಕಿನಿಂದ ಕೊನೆಯ ತೂತಿನವರೆಗೆ, ಐಲಿಯ ಬಿಡುಗಡೆಗೆಂದು ಮಾರ್ತಾ ಕಟ್ಟಿದ ವಾದವೆಲ್ಲ ಅಡಿಗಲ್ಲಿನಿಂದಲೇ ಜಾರಿತು.

"ಅಂದ್ರೆ ಗುರುವಾರ ಬೆಳಿಗ್ಗೆ…" ಶೆರಿಫನು ತಡವರಿಸಿದನು.

"ಐಲಿ ಅಳತೇಲೇ ಇತ್ತು," ಎಂದನು ಟ್ರೆಂಬಾತ್. ಅವನ ದನಿಯ ಮೊನೆ ಮುರಿದಿತ್ತು. "ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ."

ಐಲಿ ಯಾರನ್ನೂ ನೋಡುತ್ತಿರಲಿಲ್ಲ. ತಂದೆಯೊಬ್ಬನನ್ನು ಮಾತ್ರ ನೋಡುತ್ತಿದ್ದಳು.

"ಶುಕ್ರವಾರ," ಎಂದಳು. "ಶನಿವಾರ ಅಲ್ಲ. ಇವರು ನನ್ನನ್ನ ಹಿಡಿಯೋಕೂ ಮುಂಚೆ. ಯಾರೂ ನನ್ನ ಹೆಸರು ಎತ್ತೋಕೂ ಮುಂಚೆ ನೀನು ಕಂಬಳಿ ಹುಡುಕಿದೆ. ಊರು ನಂಬಿದ್ರೆ ನನಗೇನೂ ಅಲ್ಲ. ನೀನೂನಾ, ಅಪ್ಪ?"

ತೌನೋನ ನೆಟ್ಟಗಿದ್ದ ತಲೆ ಬಾಗಿತು.

"ಗುರುವಾರ ಮಧ್ಯಾಹ್ನ ಮೊಳೆ ಮೇಲಿದ್ದ ಬಿಲ್ಲನ್ನ ಮುಟ್ಟಿ ನೋಡಿದೆ, ಮಗಳೇ. ಹೆದೆ ಒದ್ದೆ ಇತ್ತು."

ಬಿಲ್ಲು ಆ ವಾರವಿಡೀ ಕೆಳಗಿಳಿದಿಲ್ಲವೆಂದು ಐಲಿ ಸೆರೆಮನೆಯ ಕಂಬಿಗಳ ಹಿಂದಿನಿಂದ ಮಾರ್ತಾಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಮಾರ್ತಾ ಈಗ ಅದೇ ಕಣ್ಣುಗಳನ್ನು ಅರಸಿದಳು. ಅವು ಸಿಗಲಿಲ್ಲ.

ಐಲಿ ತಂದೆಯ ಕೈಯಿಂದ ಬಿಲ್ಲನ್ನು ಬಿಡಿಸಿಕೊಂಡು, ಅವನ ಬಲತೋಳನ್ನು ಮೆತ್ತಗೆ ಎದೆಗೆ ಮಡಿಸಿ ಇಟ್ಟಳು. ಆಮೇಲೆ ನೇರವಾಗಿ ನಿಂತಳು.

"ಒದ್ದೆ ಇತ್ತು," ಎಂದಳು. "ಹೂಂ, ನಾನೇ ತಗೊಂಡು ಹೋಗಿದ್ದೆ. ಸುಳ್ಳು ಹೇಳಿದ್ದೆ. ಬಾಣ ಬಿಟ್ಟದ್ದು ಮಾತ್ರ ನಾನಲ್ಲ, ನನ್ನದೇ ಅಳತೆಯ ಇನ್ನೊಂದು ಕೈ. ಶೆರಿಫ್, ನಾಳೆ ವಕೀಲರನ್ನ ಮಾತಾಡೋಕೆ ಬಿಡಬೇಡಿ. ಆ ಮಳೇಲಿ ನನ್ನ ಬಿಲ್ಲು ಯಾರ ಕೈಗೆ ಕೊಟ್ಟೆ ಅನ್ನೋದನ್ನ ನ್ಯಾಯಾಧೀಶರ ಮುಂದೆ ನಾನೇ ಹೇಳ್ತೀನಿ. ಅಲ್ಲಿ ತನಕ ನೀವು ನನ್ನ ಬಾಯಿ ಸೀಳಿದ್ರೂ ಆ ಹೆಸರು ಬರಲ್ಲ."